ಬೇಲಿ ಹಾರಬೇಡಿ, ಟಿಕೆಟ್ ತಗೊಳ್ಳಿ: ಪರದೇಶದಲ್ಲಿ ದೆವ್ವದ ಜಾಗ ನೋಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇದುವರೆಗೂ ಒಂದೇ ಒಂದು ದೆವ್ವವೂ ಕಂಡಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನೆಲದಡಿಯ ಕೋಣೆಗಳಿಗೆ ಎರಡು ಸಲ ಇಳಿದಿದ್ದೇನೆ, ಬ್ಯಾಂಕಾಕ್‌ನಲ್ಲಿ ದೆವ್ವಕ್ಕೆಂದೇ ಕಟ್ಟಿದ ಗುಡಿಯಲ್ಲಿ ಕೈ ಮುಗಿದಿದ್ದೇನೆ, ಕ್ಯಾಲಿಫೋರ್ನಿಯಾದಲ್ಲಿ ಮೆಟ್ಟಿಲು ಹತ್ತಿದರೆ ಸೀದಾ ಸೂರಿಗೆ ತಲೆ ತಾಗುವ ಮನೆಯೊಳಗೆ ಓಡಾಡಿದ್ದೇನೆ. ಯಾರೂ ಕಾಣಲಿಲ್ಲ. ಹೆದರಿದ್ದು ಮಾತ್ರ ನಿಜ.

ವಿದೇಶಕ್ಕೆ ಹೋದಾಗ ಒಂದು ದೆವ್ವದ ಜಾಗ ನೋಡಲೇಬೇಕು ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಅದೇ ಜಾಗವನ್ನು ಮೊದಲು ಹಗಲು ಹೊತ್ತು ನೋಡಿ, ಆಮೇಲೆ ರಾತ್ರಿ ನೋಡಿ. ಹಗಲು ಹೋದರೆ ಅಲ್ಲಿ ಯಾರು ಬದುಕಿದ್ದರು, ಹೇಗೆ ಸತ್ತರು ಅನ್ನುವುದು ತಿಳಿಯುತ್ತದೆ. ರಾತ್ರಿ ಹೋದರೆ ನಿಮ್ಮ ಗುಂಡಿಗೆ ಎಷ್ಟು ಗಟ್ಟಿ ಅನ್ನುವುದು ತಿಳಿಯುತ್ತದೆ. ರಾತ್ರಿ ಮಾತ್ರ ಹೋದರೆ ಪಕ್ಕದವರ ಕಿರುಚಾಟ ಕೇಳಿಸಿಕೊಂಡು ವಾಪಸ್ ಬರುತ್ತೀರಿ. ಅದಕ್ಕೆ ವೀಸಾ ಮಾಡಿಸಿ, ವಿಮಾನ ಹತ್ತಿ ಅಷ್ಟು ದೂರ ಹೋಗಬೇಕಾ? ದಸರಾ ವಸ್ತುಪ್ರದರ್ಶನದ ಭೂತ ಬಂಗಲೆ ಸಾಕು.

ಮೊದಲ ಸಲ ಹೋಗುವವರಿಗೆ ಎಡಿನ್‌ಬರೋ

ಹೆಸರನ್ನು ಬರೆಯುವುದು ಒಂದು ಥರ, ಅಲ್ಲಿಯವರು ಹೇಳುವುದು ‘ಎಡಿನ್‌ಬ್ರ’ ಅನ್ನುವ ಹಾಗೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿಂದ ರೈಲಿನಲ್ಲಿ ಸುಮಾರು ನಾಲ್ಕೂವರೆ ಗಂಟೆ. ಈ ಊರನ್ನೇ ಯಾಕೆ ಹೇಳುತ್ತೇನೆ ಅಂದರೆ, ನೋಡಬೇಕಾದ್ದೆಲ್ಲ ಕೋಟೆಯಿಂದ ಅರಮನೆಯವರೆಗೆ ಹೋಗುವ ರಾಯಲ್ ಮೈಲ್ ಬೀದಿಯ ಆಸುಪಾಸಿನಲ್ಲೇ ಇದೆ, ಕಾಲ್ನಡಿಗೆಯಲ್ಲೇ ಮುಗಿಯುತ್ತದೆ, ಹೆಚ್ಚಿನದಕ್ಕೆಲ್ಲ ಟಿಕೆಟ್ಟು, ಗೈಡು ಇದ್ದಾರೆ. ಇನ್ನೊಂದು ಕಾರಣವೂ ಇದೆ. ಇಲ್ಲಿನ ದೆವ್ವದ ಕತೆಗಳ ಹಿಂದೆ ದಾಖಲೆ ಇರುವ ಚರಿತ್ರೆ ಇದೆ. ಕತೆ ಎಲ್ಲಿ ಮುಗಿದು ಚರಿತ್ರೆ ಎಲ್ಲಿ ಶುರುವಾಗುತ್ತದೆ ಅಂತ ನೀವೇ ನೋಡಬಹುದು.

ಹೋಗುವ ತಿಂಗಳನ್ನು ಯೋಚಿಸಿ ಆರಿಸಿಕೊಳ್ಳಿ. ನಮ್ಮವರು ಮಕ್ಕಳ ಬೇಸಿಗೆ ರಜೆಗೆ ಹೋಗುವುದು ರೂಢಿ. ಆದರೆ ಮೇ ಕೊನೆಯಲ್ಲಿ ಅಲ್ಲಿ ಹೊತ್ತು ಮುಳುಗುವುದೇ ರಾತ್ರಿ 9.30 ದಾಟಿದ ಮೇಲೆ. ಜೂನ್‌ನಲ್ಲಂತೂ 10 ಗಂಟೆ. ಎಂಟು ಗಂಟೆಯ ‘ರಾತ್ರಿ’ ಟೂರ್ ಬುಕ್ ಮಾಡಿಕೊಂಡು ಹೋದರೆ ಸ್ಮಶಾನದಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ, ಹುಲ್ಲಿನ ಮೇಲೆ ಯಾರೋ ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ, ಅಲ್ಲಿ ದೆವ್ವ ಬಂದರೆ ಅದಕ್ಕೇ ನಾಚಿಕೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ 3.40ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಅಕ್ಟೋಬರ್ ಕೊನೆಯಲ್ಲಿ ಹ್ಯಾಲೋವೀನ್ ಅನ್ನುವ ದೆವ್ವದ ಹಬ್ಬದ ಜನಜಂಗುಳಿ. ನನ್ನ ಕೇಳಿದರೆ ನವೆಂಬರ್ ಮಧ್ಯ. ಚಳಿ ಇರುತ್ತದೆ, ಬೇಗ ಕತ್ತಲಾಗುತ್ತದೆ, ಮಂಜು ಬಂದು ಬೀದಿ ತುಂಬಿಕೊಂಡರೆ ಮಡಿಕೇರಿ ನೆನಪಾಗುತ್ತದೆ.

ಸೇತುವೆಯ ಹೊಟ್ಟೆಯೊಳಗೆ

ಸೌತ್ ಬ್ರಿಡ್ಜ್ ಅನ್ನುವ ರಸ್ತೆಯ ಮೇಲೆ ನಡೆಯುವಾಗ ಅದು ಸೇತುವೆ ಅಂತಲೇ ಅನ್ನಿಸುವುದಿಲ್ಲ, ಎರಡೂ ಕಡೆ ಅಂಗಡಿ, ಕಟ್ಟಡ. 1788ರಲ್ಲಿ ತೆರೆದ ಈ ಸೇತುವೆಗೆ ಒಟ್ಟು 19 ಕಮಾನು, ಅದರಲ್ಲಿ ಹೊರಗೆ ಕಾಣುವುದು ಕೌಗೇಟ್ ಬೀದಿಯ ಮೇಲಿರುವ ಒಂದೇ ಒಂದು. ಉಳಿದ 18 ಕಟ್ಟಡಗಳ ಹಿಂದೆ ಮುಚ್ಚಿಹೋಗಿವೆ. ಆ ಕಮಾನುಗಳೊಳಗೆ ಅಂತಸ್ತು ಹಾಕಿ ಸುಮಾರು 120 ಕೋಣೆ ಮಾಡಿದರು. ಮೊದಲು ಅಲ್ಲಿ ಚಮ್ಮಾರರು ಕೆಲಸ ಮಾಡುತ್ತಿದ್ದರು, ಹೆಂಡದಂಗಡಿಗಳಿದ್ದವು, ಮೇಲಿನ ಅಂಗಡಿಗಳವರು ಸಾಮಾನು ಇಟ್ಟುಕೊಳ್ಳುತ್ತಿದ್ದರು. ಆದರೆ ಸೇತುವೆಯ ಮೇಲ್ಭಾಗದಿಂದ ನೀರು ಇಳಿಯುವುದನ್ನು ಸರಿಯಾಗಿ ತಡೆದಿರಲಿಲ್ಲ. ಕೋಣೆಯೆಲ್ಲ ಸೋರಲು ಶುರುವಾಯಿತು. ಅಂಗಡಿಯವರು ಬಿಟ್ಟು ಹೋದರು. ಬೇರೆಲ್ಲೂ ನೆಲೆ ಇಲ್ಲದ ಬಡವರು ಬಂದು ಸೇರಿದರು. ಕಿಟಕಿ ಇಲ್ಲ, ಗಾಳಿ ಇಲ್ಲ, ಮೀನೆಣ್ಣೆ ದೀಪದ ಹೊಗೆ, ಮೂಲೆಯಲ್ಲೇ ಎಲ್ಲ ಹೊಲಸು. ಕೊನೆಗೆ ಮಣ್ಣು ಕಸ ತುಂಬಿ ಮುಚ್ಚಿದ ಆ ಕೋಣೆಗಳನ್ನು ಜನ ಮರೆತೇಬಿಟ್ಟರು. ಅವು ಮತ್ತೆ ಸಿಕ್ಕಿದ್ದು 1980ರ ದಶಕದಲ್ಲಿ.

ಸೇತುವೆ ತೆರೆಯುವಾಗ ಮೊದಲು ದಾಟಲಿ ಅಂತ ಊರಿನ ಒಬ್ಬ ಹಿರಿಯ ಹೆಂಗಸನ್ನು ಗೊತ್ತು ಮಾಡಿದ್ದರಂತೆ, ಅಷ್ಟರಲ್ಲಿ ಆಕೆ ತೀರಿಕೊಂಡಳಂತೆ, ಕೊಟ್ಟ ಮಾತು ತಪ್ಪಬಾರದು ಅಂತ ಶವಪೆಟ್ಟಿಗೆಯನ್ನೇ ಮೊದಲು ದಾಟಿಸಿದರಂತೆ. ಗೈಡ್‌ಗಳು ಹೇಳುವ ಕತೆ ಇದು. ಕೇಳಲು ಚೆನ್ನಾಗಿದೆ.

ನಾನು ಮೊದಲ ಸಲ ಹೋದಾಗ ಅಮ್ಮನೂ ಇದ್ದಳು. ತಿಪಟೂರು ಕಡೆ ಬೆಳೆದವಳು. ಬ್ಲೇರ್ ಸ್ಟ್ರೀಟ್‌ನಿಂದ ಒಳಗೆ ಇಳಿದು, ಬಾಗಿದ ಕಲ್ಲಿನ ಸೂರು ಕಂಡು, ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ, "ಅಯ್ಯೋ, ಇದು ನಮ್ಮೂರ ಹಗೇವು ಇದ್ದಂಗೈತಲ್ಲೇ" ಅಂದಳು. ನೆಲದೊಳಗೆ ರಾಗಿ ತುಂಬಿಡುತ್ತಿದ್ದ ಗುಂಡಿ, ಅದೇ ಹಗೇವು. ಅದನ್ನು ತೆಗೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೋಗಲಿ ಅಂತ ಬಾಯಿ ತೆಗೆದು ಬಿಡುತ್ತಿದ್ದರು, ದೀಪ ಇಳಿಸಿ ಆರುತ್ತದಾ ಅಂತ ನೋಡುತ್ತಿದ್ದರು. ಅವಸರಪಟ್ಟು ಇಳಿದು ಸತ್ತವರ ಕತೆ ಹಳ್ಳಿಹಳ್ಳಿಯಲ್ಲೂ ಇದೆ. ಗೈಡ್ ಹುಡುಗಿ ದೆವ್ವದ ಕತೆ ಹೇಳುತ್ತಿದ್ದರೆ ಅಮ್ಮ ಮಾತ್ರ "ಇಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಹೆಂಗಿದ್ರೇ ಪಾಪ" ಅಂತಲೇ ಕೇಳುತ್ತಿದ್ದಳು. ಇಡೀ ಟೂರ್‌ನಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ ಅಂತ ಈಗಲೂ ನನಗನ್ನಿಸುತ್ತದೆ.

ಬುಕ್ ಮಾಡುವಾಗ ಒಂದು ವಿಷಯ ಗಮನಿಸಿ. ಟೂರ್‌ಗಳಲ್ಲಿ ಎರಡು ಜಾತಿ. ಒಂದು ಚರಿತ್ರೆ ಹೇಳುವಂಥದ್ದು, ಇನ್ನೊಂದು ಹೆದರಿಸುವಂಥದ್ದು. ಎರಡನೆಯದರಲ್ಲಿ ವೇಷ ಹಾಕಿಕೊಂಡ ಆಳೊಬ್ಬ ಕತ್ತಲಲ್ಲಿ ಅಡಗಿದ್ದು ಧುತ್ತನೆ ಎದುರಿಗೆ ಹಾರುತ್ತಾನೆ. ಹೃದಯದ ತೊಂದರೆ ಇರುವವರು, ಬಸುರಿಯರು, ಚಿಕ್ಕ ಮಕ್ಕಳ ಜತೆ ಹೋಗುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ವಯಸ್ಸಿನ ಮಿತಿ ಒಂದೊಂದು ಟೂರ್‌ಗೆ ಒಂದೊಂದು ಥರ. ಮಂಡಿ ನೋವಿನ ಹಿರಿಯರಿದ್ದರೆ ಎಷ್ಟು ಮೆಟ್ಟಿಲು, ಮಧ್ಯೆ ಕೂರಲು ಜಾಗ ಇದೆಯಾ, ಅರ್ಧದಲ್ಲಿ ಹೊರಗೆ ಬರಬಹುದಾ, ಈ ಮೂರನ್ನು ಕೇಳಿ. ಒಂದು ಕಡೆ ನಾನು ಕೇಳದೆ ಟಿಕೆಟ್ ತೆಗೆದು, ಅಮ್ಮ ಬಾಗಿಲಲ್ಲೇ ಉಳಿದು, ದುಡ್ಡು ವಾಪಸ್ ಕೊಡದೆ ಟೂರ್‌ನವರು ಕೈ ಅಲ್ಲಾಡಿಸಿಬಿಟ್ಟರು. ತಪ್ಪು ನನ್ನದೂ ಇತ್ತು, ಷರತ್ತು ಓದಿರಲಿಲ್ಲ.

ಸ್ಮಶಾನದಲ್ಲಿ ಹೇಗಿರಬೇಕು

ಗ್ರೇಫ್ರೈಯರ್ಸ್ ಚರ್ಚಿನ ಸ್ಮಶಾನಕ್ಕೆ ಹಗಲಲ್ಲಿ ಯಾರು ಬೇಕಾದರೂ ಹೋಗಬಹುದು. ದುಡ್ಡು ಕೊಡಬೇಕಿಲ್ಲ. ಬಾಗಿಲ ಹತ್ತಿರದ ರಸ್ತೆಯಲ್ಲಿ ಒಂದು ನಾಯಿಯ ಪ್ರತಿಮೆ ಇದೆ, ಹೆಸರು ಬಾಬಿ. 1858ರಲ್ಲಿ ಯಜಮಾನ ಸತ್ತ ಮೇಲೆ 14 ವರ್ಷ ಅವನ ಸಮಾಧಿ ಕಾದಿತ್ತು ಅನ್ನುವುದು ಕತೆ, ನಾಯಿ ಸತ್ತಿದ್ದು 1872ರಲ್ಲಿ. ಪ್ರವಾಸಿಗಳು ಅದರ ಮೂಗು ಉಜ್ಜಿ ಉಜ್ಜಿ ಬಣ್ಣ ಕಿತ್ತು ಹಾಕಿದ್ದಾರೆ. ಉಜ್ಜಿದರೆ ಒಳ್ಳೆಯದಾಗುತ್ತದೆ ಅನ್ನುವುದು ಹಳೇ ನಂಬಿಕೆ ಏನಲ್ಲ, ಇತ್ತೀಚೆಗೆ ಪ್ರವಾಸಿಗಳೇ ಶುರು ಮಾಡಿದ್ದು, ಊರಿನವರಿಗೆ ಅದು ಚೂರೂ ಇಷ್ಟವಿಲ್ಲ. ನೀವು ಉಜ್ಜಬೇಡಿ.

ಒಳಗೆ ಹೋದರೆ ಕೆಲವು ಸಮಾಧಿಗಳ ಮೇಲೆ ಕಬ್ಬಿಣದ ಪಂಜರ ಕಾಣುತ್ತದೆ. ನೋಡಿದವರೆಲ್ಲ, ಒಳಗಿರುವ ಹೆಣ ಎದ್ದು ಬರದಿರಲಿ ಅಂತ ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ಅದು ಉಲ್ಟಾ. ಹೊರಗಿನವರು ಹೆಣ ಕದಿಯದಿರಲಿ ಅಂತ ಹಾಕಿದ್ದು. ಆಗ ವೈದ್ಯಕೀಯ ಶಾಲೆಗಳಿಗೆ ಕೊಯ್ದು ಕಲಿಯಲು ಹೆಣ ಬೇಕಿತ್ತು, ಹೊಸ ಹೆಣಕ್ಕೆ ಒಳ್ಳೆ ಬೆಲೆ ಇತ್ತು. ಇದೇ ಊರಿನಲ್ಲಿ 1828ರಲ್ಲಿ ಬರ್ಕ್ ಮತ್ತು ಹೇರ್ ಅನ್ನುವ ಇಬ್ಬರು ಹೆಣ ಅಗೆಯುವ ಕಷ್ಟವೇ ಬೇಡ ಅಂತ 16 ಜನರನ್ನು ಕೊಂದು ಮಾರಿದರು. ಹೇರ್ ಸಾಕ್ಷಿ ಹೇಳಿ ತಪ್ಪಿಸಿಕೊಂಡ. ಬರ್ಕ್‌ನನ್ನು 1829ರ ಜನವರಿಯಲ್ಲಿ ಗಲ್ಲಿಗೆ ಹಾಕಿ ಅವನ ಹೆಣವನ್ನೂ ಕೊಯ್ದರು, ಎಲುಬಿನ ಗೂಡು ಇಂದಿಗೂ ಎಡಿನ್‌ಬರೋ ವಿಶ್ವವಿದ್ಯಾಲಯದ ಅಂಗರಚನಾ ಮ್ಯೂಸಿಯಂನಲ್ಲಿದೆ. ಇದಕ್ಕಿಂತ ದೊಡ್ಡ ದೆವ್ವದ ಕತೆ ಬೇಕಾ? ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ.

ಸ್ಮಶಾನದ ಹೆಸರಾಂತ ದೆವ್ವ ಮಾತ್ರ ಬೇರೆಯವನು, ಸರ್ ಜಾರ್ಜ್ ಮೆಕೆನ್ಜಿ. ರಾಜನ ಪರವಾಗಿ ವಾದಿಸುತ್ತಿದ್ದ ದೊಡ್ಡ ವಕೀಲ. ಚರ್ಚಿನ ಮೇಲೆ ರಾಜನ ಹಿಡಿತ ಬೇಡ ಅಂದ ಕವನೆಂಟರ್‌ಗಳನ್ನು ಹಿಡಿದು ಶಿಕ್ಷೆ ಕೊಡಿಸಿದವನು, ಅದಕ್ಕೇ ಜನ ‘ರಕ್ತದ ಮೆಕೆನ್ಜಿ’ ಅಂದರು. 1679ರಲ್ಲಿ ಬಾತ್‌ವೆಲ್ ಸೇತುವೆಯ ಕಾಳಗದಲ್ಲಿ ಸೆರೆ ಸಿಕ್ಕ ಸಾವಿರಕ್ಕೂ ಹೆಚ್ಚು ಕವನೆಂಟರ್‌ಗಳನ್ನು ತಂದು ಈ ಸ್ಮಶಾನದ ಪಕ್ಕದ ಬಯಲಿನಲ್ಲಿ ಕೂಡಿ ಹಾಕಿದರು. ಕೆಲವರು ಇನ್ನು ದಂಗೆ ಏಳುವುದಿಲ್ಲ ಅಂತ ಬರೆದುಕೊಟ್ಟು ಹೋದರು. ಉಳಿದವರು ತಿಂಗಳುಗಟ್ಟಲೆ ಮಳೆ ಚಳಿಯಲ್ಲಿ ಬಯಲಲ್ಲೇ ಇದ್ದರು. ಕೊನೆಗೆ ಉಳಿದ 250ಕ್ಕೂ ಹೆಚ್ಚು ಜನರನ್ನು ದೂರದ ವಸಾಹತುಗಳಿಗೆ ಸಾಗಿಸಲು ಹಡಗು ಹತ್ತಿಸಿದರು, ಹಡಗು ಆರ್ಕ್ನಿ ದ್ವೀಪದ ಹತ್ತಿರ ಒಡೆದು ಹೆಚ್ಚಿನವರು ಮುಳುಗಿದರು. ಮೆಕೆನ್ಜಿ 1691ರಲ್ಲಿ ಸತ್ತ. ಅವನ ಗುಮ್ಮಟದ ಸಮಾಧಿ ಇರುವುದು ಇದೇ ಸ್ಮಶಾನದಲ್ಲಿ, ಅವನು ಕಾಡಿದವರು ನರಳಿದ ಜಾಗಕ್ಕೆ ಹತ್ತಿರದಲ್ಲೇ. ಹಿಂದೆ ಊರಿನ ಹುಡುಗರು ಅದರ ಬಾಗಿಲ ಹತ್ತಿರ ಹೋಗಿ, ಧೈರ್ಯ ಇದ್ದರೆ ಹೊರಗೆ ಬಾರೋ ಅಂತ ಕೂಗಿ ಓಡುತ್ತಿದ್ದರಂತೆ. ನಮ್ಮಲ್ಲಿ ಅಮಾವಾಸ್ಯೆ ರಾತ್ರಿ ಹುಣಸೆ ಮರ ಮುಟ್ಟಿ ಬರುವ ಪಂದ್ಯ ಕಟ್ಟುವ ಹಾಗೆ.

1990ರ ದಶಕದ ಕೊನೆಯಲ್ಲಿ ಒಬ್ಬ ಮನೆಯಿಲ್ಲದವನು ಆ ಸಮಾಧಿಗೆ ನುಗ್ಗಿದ, ಅಲ್ಲಿಂದ ಮೆಕೆನ್ಜಿ ಎದ್ದ ಅನ್ನುವುದು ಹೊಸ ಕತೆ. ಮೈ ಮೇಲೆ ಗೀರು ಬಿತ್ತು, ತಲೆ ಸುತ್ತಿ ಬಿದ್ದೆ ಅಂದವರು ಬೇಕಾದಷ್ಟು ಜನ. ಕವನೆಂಟರ್‌ಗಳ ಸೆರೆ ಅಂತ ಕರೆಯುವ ಭಾಗಕ್ಕೆ ಈಗ ಬೀಗ ಹಾಕಿದ್ದಾರೆ, ಟೂರ್ ಜತೆ ಹೋದರೆ ಮಾತ್ರ ತೆಗೆಯುತ್ತಾರೆ. ಹಗಲು ಹೋದವರಿಗೆ ಒಂದು ವಿಷಯ ಗೇಟಿನ ಸಂದಿಯಿಂದಲೇ ಗೊತ್ತಾಗುತ್ತದೆ: ಅಲ್ಲಿ ಎರಡೂ ಕಡೆ ಸಾಲಾಗಿ ಇರುವ ಕಲ್ಲಿನ ಕೋಣೆಗಳು ಸೆರೆಮನೆಯಲ್ಲ, ಆಮೇಲೆ ಕಟ್ಟಿದ ಸಮಾಧಿಗಳು. ಕೈದಿಗಳಿಗೆ ಸೂರೇ ಇರಲಿಲ್ಲ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಆ ಕೋಣೆಗಳನ್ನೇ ಜೈಲು ಅಂದುಕೊಂಡು ನಡುಗುವವರನ್ನು ನಾನೇ ನೋಡಿದ್ದೇನೆ.

2003ರಲ್ಲಿ ಇಬ್ಬರು ಹುಡುಗರು ಮೆಕೆನ್ಜಿಯ ಸಮಾಧಿಗೆ ನುಗ್ಗಿ ತಲೆಬುರುಡೆ ಎತ್ತಿಕೊಂಡು ಆಟವಾಡಿದರು. ಸಮಾಧಿ ಕೆಡಿಸಿದ ಅಪರಾಧ ಅನ್ನುವ, ಜನ ಮರೆತೇ ಹೋಗಿದ್ದ ಹಳೇ ಕಾನೂನು ಹುಡುಕಿ ತೆಗೆದು ಅವರ ಮೇಲೆ ಕೇಸ್ ಹಾಕಿದರು, ತಪ್ಪು ಸಾಬೀತೂ ಆಯಿತು. ಹಾಗಾಗಿ ಒಂದು ಕಲ್ಲನ್ನೂ ಎತ್ತಬೇಡಿ. ಸಮಾಧಿಯ ಮೇಲೆ ಕೂರುವುದು, ಒರಗಿ ಫೋಟೊ ತೆಗೆಸಿಕೊಳ್ಳುವುದು, ರೀಲ್ಸ್‌ಗೆ ಕುಣಿಯುವುದು ಬೇಡ. ಯಾರಾದರೂ ಹೂವು ಇಟ್ಟು ನಿಂತಿದ್ದರೆ ಸುಮ್ನೆ ಆ ಕಡೆ ದಾರಿ ಬಿಟ್ಟು ಹೋಗಿ.

ಮೇರಿ ಕಿಂಗ್ಸ್ ಕ್ಲೋಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ‘ಕ್ಲೋಸ್’ ಅಂದರೆ ಅಲ್ಲಿ ಓಣಿ, ಸಂದಿ. 1753ರಲ್ಲಿ ದೊಡ್ಡ ಕಟ್ಟಡವೊಂದನ್ನು ಕಟ್ಟಲು ಶುರು ಮಾಡಿದಾಗ ಈ ಸಂದಿಯ ಮನೆಗಳ ಮೇಲಿನ ಅಂತಸ್ತು ಕೆಡವಿ, ಕೆಳಗಿನದನ್ನೇ ಅಡಿಪಾಯ ಮಾಡಿಕೊಂಡರು. ಹಾಗಾಗಿ ಒಂದು ಬೀದಿಯೇ ನೆಲದಡಿ ಉಳಿದುಬಿಟ್ಟಿದೆ. 1645ರ ಪ್ಲೇಗಿನಲ್ಲಿ ರೋಗಿಗಳನ್ನು ಜೀವಂತ ಗೋಡೆ ಕಟ್ಟಿ ಮುಚ್ಚಿದರು ಅಂತ ಹಬ್ಬಿರುವ ಕತೆ ಸುಳ್ಳು, ಅಲ್ಲಿನ ಗೈಡ್‌ಗಳೇ ಅದನ್ನು ಹೇಳುತ್ತಾರೆ. ಮನೆಯೊಳಗೇ ಇರಿಸಿ ಊಟ ತಲುಪಿಸುತ್ತಿದ್ದರು, ಊರ ಹೊರಗೂ ಸಾಗಿಸುತ್ತಿದ್ದರು. ಒಂದು ಕೋಣೆಯಲ್ಲಿ ಆ್ಯನಿ ಅನ್ನುವ ಪುಟ್ಟ ಹುಡುಗಿಯ ದೆವ್ವ ಗೊಂಬೆ ಬೇಕು ಅಂತ ಅಳುತ್ತಿದೆ ಅಂತ 1992ರಲ್ಲಿ ಜಪಾನಿನಿಂದ ಬಂದ, ಆತ್ಮಗಳ ಜತೆ ಮಾತಾಡುತ್ತೇನೆ ಅನ್ನುವ ಮಹಿಳೆ ಹೇಳಿದಳು. ಅಂದಿನಿಂದ ಜನ ಗೊಂಬೆ ತಂದಿಡುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಆ ಗೊಂಬೆ ರಾಶಿಯ ಮುಂದೆ ನಿಂತಾಗ ನಗು ಬರಲಿಲ್ಲ ನನಗೆ.

ಹೆದರಿಕೆ ಎಲ್ಲಿಂದ ಬರುತ್ತದೆ

ಇದನ್ನು ತಿಳಿದುಕೊಂಡು ಹೋದರೆ ಮಜಾ ಕಡಿಮೆ ಆಗುತ್ತದೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ರಿಚರ್ಡ್ ವೈಸ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು ತಮ್ಮ ತಂಡದ ಜತೆ 2001ರಲ್ಲಿ 200ಕ್ಕೂ ಹೆಚ್ಚು ಜನರನ್ನು ಇದೇ ಸೌತ್ ಬ್ರಿಡ್ಜ್ ಕೋಣೆಗಳಿಗೆ ಕಳಿಸಿ ನೋಡಿದರು. ಯಾವ ಕೋಣೆಯಲ್ಲಿ ದೆವ್ವ ಇದೆ ಅನ್ನುವ ಪ್ರತೀತಿ ಇದೆ ಅಂತ ಹೇಳಲಿಲ್ಲ. ಆದರೂ ಚಳಿ ಹೊಡೆಯಿತು, ಯಾರೋ ನೋಡಿದ ಹಾಗಾಯಿತು ಅಂತ ಜನ ಜಾಸ್ತಿ ಹೇಳಿದ್ದು ಕುಖ್ಯಾತ ಕೋಣೆಗಳಲ್ಲೇ! ಹಾಗಾದರೆ ದೆವ್ವ ಇದೆಯಾ? 2003ರಲ್ಲಿ ಅವರು ಪ್ರಕಟಿಸಿದ ಬರಹದ ಪ್ರಕಾರ ಕೋಣೆಯ ಅಳತೆ, ಬೆಳಕು ಇಂಥವುಗಳಿಗೂ ಈ ಅನುಭವಗಳಿಗೂ ನಂಟಿತ್ತು. ಅಂದರೆ ಕೆಲವು ಜಾಗಗಳೇ ಹಾಗಿರುತ್ತವೆ, ಯಾರು ಹೋದರೂ ಒಂಥರಾ ಅನ್ನಿಸುತ್ತದೆ, ಆಮೇಲೆ ಅದಕ್ಕೆ ತಕ್ಕ ಕತೆ ಹುಟ್ಟಿಕೊಳ್ಳುತ್ತದೆ.

ಇನ್ನೊಂದು ನನಗೆ ಬಹಳ ಇಷ್ಟವಾದದ್ದು. ಇಂಗ್ಲೆಂಡಿನಲ್ಲಿ ವಿಕ್ ಟ್ಯಾಂಡಿ ಅನ್ನುವ ಎಂಜಿನಿಯರ್ ಒಂದು ಪ್ರಯೋಗಾಲಯದಲ್ಲಿ ರಾತ್ರಿ ಕೆಲಸ ಮಾಡುವಾಗ ಮೈ ಬೆವರಿ, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕಾರ ಕಂಡ. ಮಾರನೇ ದಿನ ಅವನು ಕತ್ತಿವರಸೆಯ ಕತ್ತಿಯೊಂದನ್ನು ಸರಿ ಮಾಡಲು ಮೇಜಿನ ಕಬ್ಬಿಣದ ಇಕ್ಕಳಕ್ಕೆ ಸಿಕ್ಕಿಸಿದ್ದ, ಅದು ತಾನಾಗಿ ಅದುರಲು ಶುರುವಾಯಿತು. ಹುಡುಕಿದರೆ ಹೊಸದಾಗಿ ಹಾಕಿದ್ದ ಫ್ಯಾನೊಂದು ಸೆಕೆಂಡಿಗೆ ಸುಮಾರು 19 ಸಲ ಕಂಪಿಸುವ ಸದ್ದು ಹುಟ್ಟಿಸುತ್ತಿತ್ತು. ಅದು ಕಿವಿಗೆ ಕೇಳುವುದಿಲ್ಲ, ಮೈಗೆ ಗೊತ್ತಾಗುತ್ತದೆ ಅಂತ ಅವನ ವಾದ. ಫ್ಯಾನ್ ಸರಿಮಾಡಿದ ಮೇಲೆ ದೆವ್ವ ಹೋಯಿತು. 1998ರಲ್ಲಿ ಅದನ್ನೇ ಬರೆದು ಪ್ರಕಟಿಸಿದ. ಎಲ್ಲ ದೆವ್ವಕ್ಕೂ ಫ್ಯಾನೇ ಕಾರಣ ಅಂತಲ್ಲ, ಆದರೆ ಮೊದಲು ಫ್ಯಾನ್ ನೋಡಿ.

ಫೋಟೊದಲ್ಲಿ ಬಿಳಿ ಬಿಳಿ ಉಂಡೆ ಬಂದರೆ ಅದು ಆತ್ಮವಲ್ಲ, ಫ್ಲ್ಯಾಶ್ ಬೆಳಕು ಹತ್ತಿರದ ಧೂಳಿಗೋ ತೇವದ ಹನಿಗೋ ಬಡಿದದ್ದು. ದೆವ್ವ ಪತ್ತೆ ಮಾಡುವ ಮೀಟರ್ ಅಂತ ಕೆಲವು ಟೂರ್‌ಗಳಲ್ಲಿ ಕೈಗೆ ಕೊಡುತ್ತಾರೆ. ಅದು ಕರೆಂಟಿನ ಸುತ್ತ ಇರುವ ಕಾಂತಕ್ಷೇತ್ರ ಅಳೆಯುವ ಮೀಟರ್, ಪಕ್ಕದವರ ಜೇಬಿನ ಫೋನಿಗೂ ಕೂಗಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯ ನಿದ್ದೆ. ಬ್ರಿಟನ್ನಿಗೂ ನಮಗೂ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ವ್ಯತ್ಯಾಸ. ಇಳಿದ ದಿನವೇ ರಾತ್ರಿ ಟೂರ್ ಇಟ್ಟುಕೊಳ್ಳಬೇಡಿ. ನಿದ್ದೆಗೆಟ್ಟವರಿಗೆ ಅರೆ ಎಚ್ಚರದಲ್ಲಿ ಕೈಕಾಲು ಆಡದೆ, ಯಾರೋ ಎದೆ ಮೇಲೆ ಕೂತ ಹಾಗೆ ಆಗುವುದು ಸಾಮಾನ್ಯ. ನಮ್ಮಲ್ಲಿ ಅದನ್ನೂ ದೆವ್ವದ ಲೆಕ್ಕಕ್ಕೇ ಹಾಕುತ್ತಾರಲ್ವಾ. ಹಳೇ ಹೋಟೆಲಿನ ಕೋಣೆಯಲ್ಲಿ ದೆವ್ವ ಒತ್ತಿತು ಅನ್ನುವ ಎಷ್ಟೋ ಅನುಭವ ಇದೇ ಇರಬೇಕು ಅಂತ ನನ್ನ ಅನುಮಾನ.

ದೆವ್ವಕ್ಕೆ ಕೈ ಮುಗಿಯುವ ಊರುಗಳು

ಏಷ್ಯಾದ ಕಡೆ ಹೋದರೆ ಲೆಕ್ಕ ಬೇರೆ. ಅಲ್ಲಿ ದೆವ್ವ ಅಂದರೆ ತಮಾಷೆಯಲ್ಲ, ಪೂಜೆ. ದೈವದ ಕೋಲ ನೋಡಿದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾಂಕಾಕ್‌ನ ಆನ್ ನುಟ್ ಸ್ಟೇಷನ್ ಕಡೆ ಇಳಿದು ವಾಟ್ ಮಹಾಬುತ್ ದೇವಸ್ಥಾನಕ್ಕೆ ಹೋದರೆ ಮೇ ನಾಕ್ ಗುಡಿ ಇದೆ. ಗಂಡ ಯುದ್ಧಕ್ಕೆ ಹೋದಾಗ ಹೆರಿಗೆಯಲ್ಲಿ ಸತ್ತವಳು. ಅವನು ವಾಪಸ್ ಬಂದಾಗ ಹೆಂಡತಿ ಮಗು ಇಬ್ಬರೂ ಮನೆಯಲ್ಲೇ ಇದ್ದರು, ಸಂಸಾರ ನಡೆಯಿತು. ಒಂದು ದಿನ ಕೈಜಾರಿದ ನಿಂಬೆಹಣ್ಣು ಅಟ್ಟಣೆ ಮನೆಯ ಹಲಗೆ ಸಂದಿಯಿಂದ ಕೆಳಗೆ ಬಿತ್ತು, ಅವಳು ಕೂತಲ್ಲಿಂದಲೇ ಕೈ ಉದ್ದ ಮಾಡಿ ಎತ್ತಿಕೊಂಡಳು, ಅವನಿಗೆ ಗೊತ್ತಾಯಿತು. ಒಲೆಗೆ ಸೌದೆ ಬದಲು ಕಾಲನ್ನೇ ಇಟ್ಟು ಅಡುಗೆ ಮಾಡುವ ದೆವ್ವದ ಕತೆ ನಮ್ಮಜ್ಜಿ ಹೇಳುತ್ತಿದ್ದಳು, ಹಾಗಾಗಿ ನನಗೆ ಮೇ ನಾಕ್ ಬೇರೆ ದೇಶದವಳು ಅನ್ನಿಸಲೇ ಇಲ್ಲ. ಗುಡಿಯಲ್ಲಿ ಅವಳಿಗೆ ಬಟ್ಟೆ, ಮಗುವಿಗೆ ಆಟಿಕೆ ಇಟ್ಟಿರುತ್ತಾರೆ, ನೋಡಲಿ ಅಂತ ಟಿವಿ ಹಾಕಿರುತ್ತಾರೆ. ಸೈನ್ಯಕ್ಕೆ ಚೀಟಿ ಎತ್ತುವ ಕಾಲದಲ್ಲಿ ಹುಡುಗರು ತಮ್ಮ ಹೆಸರು ಬರದಿರಲಿ ಅಂತ ಬೇಡಿಕೊಳ್ಳುತ್ತಾರೆ. ಇಲ್ಲಿ ಚಪ್ಪಲಿ ಬಿಟ್ಟು, ಮೈ ಮುಚ್ಚುವ ಬಟ್ಟೆ ಹಾಕಿ, ನಮ್ಮ ಗುಡಿಯಲ್ಲಿ ಹೇಗಿರುತ್ತೀರೋ ಹಾಗೇ ಇರಿ.

ಸಿಂಗಪುರಕ್ಕೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋದರೆ ಚೀನೀ ಪಂಚಾಂಗದ ಏಳನೇ ತಿಂಗಳು ಸಿಗಬಹುದು, ಹಸಿದ ಆತ್ಮಗಳು ಬರುವ ತಿಂಗಳು ಅದು. ನಮ್ಮ ಪಿತೃಪಕ್ಷ ಅಂದುಕೊಳ್ಳಿ. ರಸ್ತೆ ಬದಿಯಲ್ಲಿ ಊದುಬತ್ತಿ, ಹಣ್ಣು, ಅನ್ನ ಇಟ್ಟಿರುತ್ತಾರೆ, ತುಳಿಯಬೇಡಿ. ‘ಗೆತಾಯ್’ ಅನ್ನುವ ಬಯಲು ಹಾಡುಗಾರಿಕೆ ನಡೆಯುತ್ತದೆ, ಮುಂದಿನ ಸಾಲು ಖಾಲಿ ಇರುತ್ತದೆ. ಒಳ್ಳೆ ಸೀಟು ಸಿಕ್ಕಿತು ಅಂತ ಕೂತುಬಿಡಬೇಡಿ, ಅದು ಅವರಿಗೆ ಬಿಟ್ಟಿದ್ದು.

ಮಕ್ಕಳ ಮನೆಗೆ ಅಂತ ಆರು ತಿಂಗಳು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬೇಜಾರಾಗುವ ಅಪ್ಪ ಅಮ್ಮಂದಿರಿಗೆ ಸ್ಯಾನ್ ಹೋಸೆಯ ವಿಂಚೆಸ್ಟರ್ ಮನೆ ಒಂದು ದಿನಕ್ಕೆ ಚೆನ್ನ. ಬಂದೂಕು ಕಂಪನಿಯ ಮನೆತನದ ವಿಧವೆ ಸಾರಾ ವಿಂಚೆಸ್ಟರ್ 1886ರಲ್ಲಿ ಕೊಂಡು, 1922ರಲ್ಲಿ ಸಾಯುವವರೆಗೆ ಕಟ್ಟಿಸಿದ ಮನೆ, ಸುಮಾರು 160 ಕೋಣೆ. ಬಂದೂಕಿಗೆ ಸತ್ತವರ ಆತ್ಮಗಳನ್ನು ದಾರಿ ತಪ್ಪಿಸಲು ಹೀಗೆ ಕಟ್ಟಿಸಿದಳು ಅನ್ನುತ್ತಾರೆ. ಆದರೆ 1906ರ ಭೂಕಂಪದಲ್ಲಿ ಮನೆಯ ಮೇಲಿನ ಭಾಗ ಬಿದ್ದುಹೋಗಿತ್ತು, ಆಕೆ ಅದನ್ನು ಮತ್ತೆ ಕಟ್ಟಿಸದೆ ಹಾಗೇ ಬಿಟ್ಟಳು. ಬಾಗಿಲು ತೆಗೆದರೆ ಶೂನ್ಯ ಅನ್ನುವ ಕೆಲವು ವಿಚಿತ್ರಕ್ಕೆ ಇದೇ ಕಾರಣ ಇದ್ದೀತು. ಆಕೆಗೆ ಸಂಧಿವಾತ ಇತ್ತು, ಅದಕ್ಕೇ ಎರಡೆರಡು ಇಂಚಿನ ಮೆಟ್ಟಿಲು ಮಾಡಿಸಿದ್ದಳು. ಅಮ್ಮ ಅದನ್ನು ಹತ್ತಿ, "ಇವಳಿಗೂ ನನ್ನಂಗೆ ಮಂಡಿ ನೋವು, ದೆವ್ವ ಗಿವ್ವ ಎಲ್ಲ ಆಮೇಲೆ" ಅಂದಳು.

ಹೋಗಬಾರದ ಕಡೆ

ವೆನಿಸ್ ಹತ್ತಿರದ ಪೊವೇಲಿಯಾ ದ್ವೀಪದ ಬಗ್ಗೆ ವಿಡಿಯೊಗಳು ಲೆಕ್ಕವಿಲ್ಲದಷ್ಟು. ಸೋಂಕು ತಗುಲಿದವರನ್ನು ಇಡುತ್ತಿದ್ದ ಜಾಗ, ಆಮೇಲೆ ಆಸ್ಪತ್ರೆ, 1968ರಲ್ಲಿ ಮುಚ್ಚಿತು. ಹಳೇ ಆಸ್ಪತ್ರೆಯ ಕಟ್ಟಡ ಬೀಳುವ ಹಾಗಿದೆ, ಪ್ರವಾಸಿಗಳಿಗೆ ಅಲ್ಲಿ ಪ್ರವೇಶವಿಲ್ಲ. ರಾತ್ರಿ ದೋಣಿಯಲ್ಲಿ ಬಿಡುತ್ತೇನೆ ಅನ್ನುವವನಿಗೆ ದುಡ್ಡು ಕೊಡಬೇಡಿ, ವಾಪಸ್ ಕರೆದುಕೊಂಡು ಹೋಗಲು ಅವನು ಬರುತ್ತಾನೆ ಅನ್ನುವ ಖಾತ್ರಿ ಏನು? ಪ್ಯಾರಿಸ್ಸಿನ ಕ್ಯಾಟಕೂಂಬ್ಸ್ ಅನ್ನುವ ನೆಲದಡಿಯ ಸುರಂಗಗಳಲ್ಲಿ ಸುಮಾರು 60 ಲಕ್ಷ ಜನರ ಎಲುಬುಗಳಿವೆ. ಟಿಕೆಟ್ ಇರುವ ಭಾಗ ಒಂದೂವರೆ ಕಿಲೋಮೀಟರ್, ಸದಾ 14 ಡಿಗ್ರಿ ತಂಪು, ಅಷ್ಟೇ ನೋಡಿ. ಉಳಿದ ನೂರಾರು ಕಿಲೋಮೀಟರ್ ಸುರಂಗಕ್ಕೆ ಕದ್ದು ಇಳಿಯುವುದು 1955ರಿಂದ ಕಾನೂನುಬಾಹಿರ. ಸಿಂಗಪುರದ ಹಳೇ ಚಾಂಗಿ ಆಸ್ಪತ್ರೆಗೂ ಬೇಲಿ ಇದೆ. ಸಿಂಗಪುರದಲ್ಲಿ ಬೇಲಿ ಹಾರಬೇಕು ಅಂತ ಯೋಚಿಸುವವರಿಗೆ ನಾನು ಹೇಳುವುದು ಏನೂ ಇಲ್ಲ.

ಪೊಲೀಸ್ ಕೇಸ್ ಆದರೆ ಮುಂದಿನ ವೀಸಾ ಅರ್ಜಿಯಲ್ಲಿ ಅದನ್ನು ಬರೆಯಬೇಕಾಗಬಹುದು. ಕಾನೂನು ಮುರಿಯುವಾಗ ಕಾಲು ಮುರಿದರೆ ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಪಾಳು ಕಟ್ಟಡದಲ್ಲಿ ಕೊಳೆತ ಹಲಗೆ, ಕಲ್ನಾರಿನ ಧೂಳು, ಕುಡುಕರು, ಇವು ದೆವ್ವಕ್ಕಿಂತ ಬೇಗ ಸಿಗುತ್ತವೆ.

ಇನ್ನು ಜಪಾನಿನ ಫ್ಯೂಜಿ ಬೆಟ್ಟದ ಬುಡದ ಆಓಕಿಗಹಾರ ಕಾಡು. ಅಲ್ಲಿ ಆತ್ಮಹತ್ಯೆಯಿಂದ ತಮ್ಮವರನ್ನು ಕಳೆದುಕೊಂಡ ಮನೆಗಳು ಇವತ್ತೂ ದುಃಖದಲ್ಲಿವೆ. ಅದನ್ನು ದೆವ್ವದ ಪಟ್ಟಿಯಲ್ಲಿ ಸೇರಿಸಬೇಡಿ. ಕಾಡು ನೋಡುವ ಆಸೆ ಇದ್ದರೆ ಹಗಲಲ್ಲಿ ಗುರುತು ಮಾಡಿದ ದಾರಿಯಲ್ಲಿ ನಡೆದು, ಹತ್ತಿರದ ಹಿಮದ ಗುಹೆ ನೋಡಿ ಬನ್ನಿ.

ಹೊರಡುವ ಮುಂಚೆ, ಬಂದ ಮೇಲೆ

ಬ್ಯಾಗಿಗೆ ಬೇಕಾದದ್ದು ಕಡಿಮೆ. ಜಾರದ ಶೂ, ಯಾಕಂದರೆ ಒದ್ದೆ ಕಲ್ಲುಹಾಸು ಬೀಳಿಸುತ್ತದೆ. ಜುಲೈನಲ್ಲೂ ಎಡಿನ್‌ಬರೋ ರಾತ್ರಿ 11, 12 ಡಿಗ್ರಿಗೆ ಇಳಿಯುತ್ತದೆ, ಸ್ವೆಟರ್ ಇರಲಿ. ಕೊಡೆಗಿಂತ ಟೋಪಿ ಇರುವ ಜರ್ಕಿನ್ ವಾಸಿ, ಅಲ್ಲಿನ ಗಾಳಿಗೆ ಕೊಡೆ ಉಲ್ಟಾ ಆಗುತ್ತದೆ. ಫೋನ್ ಚಾರ್ಜ್ ಪೂರ್ತಿ ಇರಲಿ, ಹೋಟೆಲ್ ವಿಳಾಸ ಒಂದು ಚೀಟಿಯಲ್ಲೂ ಇರಲಿ. ಮುಚ್ಚಿದ ಜಾಗ ಆಗದವರು ಗೈಡ್‌ಗೆ ಮೊದಲೇ ಹೇಳಿ ಬಾಗಿಲ ಹತ್ತಿರವೇ ನಿಲ್ಲಿ, ಇದರಲ್ಲಿ ನಾಚಿಕೆ ಏನಿಲ್ಲ. ಫೋಟೊ ಎಲ್ಲಿ ತೆಗೆಯಬಹುದು, ಎಲ್ಲಿ ಬಾರದು ಅಂತ ಕೇಳಿಕೊಳ್ಳಿ. ರಾತ್ರಿ ಟೂರ್ ಮುಗಿದ ಮೇಲೆ ವಾಪಸ್ ಹೋಗುವ ದಾರಿಯನ್ನು ಹಗಲಲ್ಲೇ ಒಮ್ಮೆ ನಡೆದು ನೋಡಿಕೊಂಡಿದ್ದರೆ ಒಳ್ಳೆಯದು, ನನ್ನ ತಮ್ಮ ಹಾಗೆ ಮಾಡದೆ ಒಂದೇ ಸಂದಿಯಲ್ಲಿ ಮೂರು ಸಲ ಸುತ್ತಿ, ಮೆಕೆನ್ಜಿ ದಾರಿ ತಪ್ಪಿಸಿದ ಅಂತ ಇಂದಿಗೂ ಹೇಳುತ್ತಾನೆ.

ಹೆದರಿಕೊಂಡ ಮಕ್ಕಳಿದ್ದರೆ ಅವತ್ತು ರಾತ್ರಿ ದೀಪ ಹಾಕಿಯೇ ಮಲಗಿಸಿ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದ ಬೆಂಗಳೂರಿನವರು ನಾವು, ಏನಾದರೊಂದು ಉಪಾಯ ಹೊಳೆಯುತ್ತದೆ. ಆದರೆ ದೃಷ್ಟಿ ತೆಗೆಯುವವರು ಒಂದು ಮಾತು ಕೇಳಿ. ಹೋಟೆಲ್ ಕೋಣೆಯಲ್ಲಿ ಮೆಣಸಿನಕಾಯಿ ಸುಡಬೇಡಿ, ಕರ್ಪೂರವೂ ಬೇಡ. ಸೂರಿನಲ್ಲಿ ಹೊಗೆ ಪತ್ತೆ ಮಾಡುವ ಯಂತ್ರ ಇರುತ್ತದೆ, ಅದು ಕೂಗಿದರೆ ಇಡೀ ಹೋಟೆಲ್ ರಾತ್ರಿ ಬಟ್ಟೆಯಲ್ಲಿ ರಸ್ತೆಗೆ ಬರುತ್ತದೆ, ಫೈರ್ ಎಂಜಿನ್ನೂ ಬರುತ್ತದೆ. ಅಮ್ಮನಿಗೆ ಇದನ್ನು ವಿವರಿಸಿ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿದಳು, ಆಮೇಲೆ ಸಂಜೆ ಚಿಪ್ಸ್ ಜತೆ ಕೊಟ್ಟಿದ್ದ ಉಪ್ಪಿನ ಪುಟ್ಟ ಪೊಟ್ಟಣ ಹರಿದು, ನನ್ನನ್ನೂ ತಮ್ಮನನ್ನೂ ಕೂರಿಸಿ ಮೂರು ಸುತ್ತು ನಿವಾಳಿಸಿ, ಬಾತ್‌ರೂಮಿನ ಬೇಸಿನ್‌ಗೆ ಹಾಕಿ ನಲ್ಲಿ ಬಿಟ್ಟಳು.